ಬಣ್ಣ ಬೇಕೋ, ಘಮ ಬೇಕೋ: ಎರಡು ಕಿಲೋ ಪಿಸ್ತಾದ ಅಡುಗೆ

ಪಿಸ್ತಾ ಹುರಿದರೆ ಘಮ ಏಳುತ್ತದೆ, ಹಸಿರು ಮಾಸುತ್ತದೆ. ಹುರಿಯದೆ ಬಿಟ್ಟರೆ ಹಸಿರು ಉಳಿಯುತ್ತದೆ, ಘಮ ಅರ್ಧಕ್ಕೇ ನಿಲ್ಲುತ್ತದೆ. ಸುಮ್ಮನೆ ಬಾಯಾಡಿಸುವಾಗ ಈ ಲೆಕ್ಕ ಬೇಕಾಗುವುದಿಲ್ಲ. ಅಡುಗೆಗೆ ಇಳಿದರೆ ಮಾತ್ರ ಪ್ರತಿ ತಿನಿಸಿನಲ್ಲೂ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತೇವೆ ಎನ್ನುವುದನ್ನು ಒಲೆ ಹಚ್ಚುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇದನ್ನು ಕೈಯಾರೆ ಮಾಡಿಯೇ ತಿಳಿಯಬೇಕೆಂದು ಎರಡು ಕಿಲೋ ಪಿಸ್ತಾ ತಂದೆ. ಚಿಪ್ಪು ಸಮೇತ, ಉಪ್ಪು ಹಾಕದ, ಹುರಿಯದ ಪಿಸ್ತಾ. ಸಿಹಿಯಿಂದ ಶುರುಮಾಡಿ ಖಾರದವರೆಗೆ ಒಂದರ ಹಿಂದೆ ಒಂದು ಮಾಡುತ್ತಾ ಹೋದೆ.

ಉಪ್ಪು ಹಾಕದ್ದೇ ಬೇಕು ಎಂದು ಹಠ ಹಿಡಿಯಲು ಕಾರಣವಿದೆ. ಉಪ್ಪುನೀರಲ್ಲಿ ಅದ್ದಿ ಹುರಿದ ಪಿಸ್ತಾದಲ್ಲಿ ಉಪ್ಪು ಎಷ್ಟು ಸೇರಿದೆ ಎಂಬ ಅಂದಾಜು ಸಿಗುವುದಿಲ್ಲ, ಮೇಲಾಗಿ ಅದು ಎಷ್ಟು ಬಿಸಿ ಕಂಡಿದೆ ಎನ್ನುವುದೂ ನಮ್ಮ ಕೈಯಲ್ಲಿರುವುದಿಲ್ಲ. ಚಿಪ್ಪು ಬಿಡಿಸಿದ ಮೇಲೆ ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಒಂದು ಕಿಲೋ ದಾಟಿ ಒಂದಿಷ್ಟು ತಿರುಳು ಸಿಕ್ಕಿತು. ಪಿಸ್ತಾ ಬಾಯಿ ಬಿಡುವುದು ಮರದಲ್ಲೇ. ತಿರುಳು ಬಲಿತು ಒಳಗಿನಿಂದ ತಳ್ಳಿದಾಗ ಚಿಪ್ಪು ಸೀಳುತ್ತದೆ. ಬಾಯಿ ಬಿಡದೆ ಉಳಿದವುಗಳಲ್ಲಿ ತಿರುಳು ಸಣಕಲಾಗಿರುವುದೇ ಹೆಚ್ಚು, ಕೆಲವು ಪೂರಾ ಜೊಳ್ಳು. ಹಾಗಾಗಿ ಅವುಗಳನ್ನು ಕುಟ್ಟಿ ಒಡೆಯುವ ಗೋಜಿಗೆ ಹೋಗಲಿಲ್ಲ.

ಬಿಡಿಸುವಾಗಲೇ ಒಂದೊಂದನ್ನೂ ಕಣ್ಣಾಡಿಸಿ ನೋಡಿದೆ. ಬೂಷ್ಟು ಹಿಡಿದದ್ದು, ಕಪ್ಪಗೆ ಮುದುಡಿದ್ದು, ಹುಳುಕು, ಇವೆಲ್ಲ ನೇರ ಕಸಕ್ಕೆ. ಇದರಲ್ಲಿ ಜಿಪುಣತನ ಸಲ್ಲದು. ಪಿಸ್ತಾದ ಮೇಲೆ ಬೆಳೆಯುವ ಕೆಲವು ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಯಕೃತ್ತಿಗೆ ಕೆಡುಕು ಮಾಡುವ ಈ ವಿಷ ಮನೆಯ ಒಲೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಹುರಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಸಿಪ್ಪೆಯ ಕೆಲಸ. ತಿರುಳಿನ ಮೇಲಿನ ತೆಳು ನೇರಳೆ ಸಿಪ್ಪೆಯನ್ನು ಹಾಗೇ ಬಿಟ್ಟರೆ ತಿನ್ನಲು ಅಡ್ಡಿಯಿಲ್ಲ. ಆದರೆ ಅರೆದಾಗ ಅದು ಹಸಿರನ್ನು ಮಣ್ಣುಬಣ್ಣಕ್ಕೆ ತಿರುಗಿಸುತ್ತದೆ, ನಾಲಗೆಗೆ ತುಸು ಒಗರೂ ತಾಗುತ್ತದೆ. ಅರ್ಧ ತಿರುಳಿಗೆ ಸಿಪ್ಪೆ ತೆಗೆಯುವುದು, ಉಳಿದರ್ಧವನ್ನು ಹಾಗೇ ಬಿಡುವುದು ಎಂದುಕೊಂಡೆ. ಪಾತ್ರೆಯಲ್ಲಿ ನೀರು ತಳಮಳ ಕುದಿಯುವಾಗ ತಿರುಳು ಸುರಿದು, ಒಂದು ನಿಮಿಷ ಬಿಟ್ಟು, ಸೋಸಿ ತಕ್ಷಣ ತಣ್ಣೀರಿಗೆ ಹಾಕಿದೆ. ಆಮೇಲೆ ದಪ್ಪ ಬಟ್ಟೆಯಲ್ಲಿ ಸುತ್ತಿ ಉಜ್ಜಿದೆ. ಮುಕ್ಕಾಲು ಪಾಲು ಸಿಪ್ಪೆ ಬಟ್ಟೆಗೇ ಅಂಟಿಕೊಂಡು ಬಂತು. ಉಳಿದವನ್ನು ಎರಡು ಬೆರಳ ನಡುವೆ ಹಿಸುಕಿದರೆ ತಿರುಳು ಚಂಗನೆ ಹಾರಿ ಹೊರಬರುತ್ತದೆ. ಕೆಲಸ ನಿಧಾನದ್ದು, ನಿಜ. ಆದರೆ ಆ ನೇರಳೆ ಕವಚದೊಳಗಿಂದ ಅಪ್ಪಟ ಹಸಿರು ಹೊರಬೀಳುವುದನ್ನು ನೋಡುತ್ತಾ ಕೂತರೆ ಬೇಸರ ಎನಿಸುವುದಿಲ್ಲ. ಈ ಕೆಲಸವನ್ನು ನಾನು ಖುಷಿಯಿಂದಲೇ ಮಾಡುತ್ತೇನೆ.

ಸಿಪ್ಪೆ ಹೋದ ತಿರುಳು ನೀರು ಕುಡಿದು ಮೆತ್ತಗಾಗಿರುತ್ತದೆ. ಹಾಗೇ ಅರೆದರೆ ಮುದ್ದೆಯಾಗುತ್ತದೆ, ಡಬ್ಬಿಗೆ ತುಂಬಿಟ್ಟರೆ ಕೆಡುತ್ತದೆ. ಓವನ್ನನ್ನು 90 ಡಿಗ್ರಿಗಿಟ್ಟು, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಅರ್ಧ ಗಂಟೆಯ ಹತ್ತಿರ ಒಣಗಿಸಿದೆ. ಮುರಿದರೆ ಟಕ್ಕೆಂದು ಸದ್ದಾಗಬೇಕು, ಅದೇ ಹದ. ಇದು ಹುರಿಯುವುದಲ್ಲ, ಬರೀ ನೀರು ತೆಗೆಯುವುದು. ಈ ಬಿಸಿಗೆ ಹಸಿರು ಹೆಚ್ಚೇನೂ ಅಲುಗುವುದಿಲ್ಲ.

ಹಸಿರು ಅಲುಗುವುದೇಕೆ ಎನ್ನುವುದು ಗೊತ್ತಿದ್ದರೆ ಮುಂದಿನ ಅಡುಗೆಯೆಲ್ಲ ಸಲೀಸು. ಎಲೆಯಲ್ಲಿರುವ ಪತ್ರಹರಿತ್ತೇ ಪಿಸ್ತಾ ತಿರುಳಲ್ಲೂ ಇದೆ. ಜೊತೆಗೆ ಲ್ಯೂಟೀನ್ ಎಂಬ ಹಳದಿ ಬಣ್ಣವೂ ಇದೆ. ಪತ್ರಹರಿತ್ತಿನ ಕಣದ ನಡುವೆ ಮೆಗ್ನೀಸಿಯಮ್ ಕೂತಿರುತ್ತದೆ. ಬಿಸಿ ಮತ್ತು ಹುಳಿ ಎರಡೂ ಸೇರಿ ಆ ಮೆಗ್ನೀಸಿಯಮ್ಮನ್ನು ಹೊರಗೆಳೆದರೆ ಹಚ್ಚಹಸಿರು ಹೋಗಿ ಕಂದುಹಸಿರಾಗುತ್ತದೆ. ಹಳದಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದಕ್ಕೇ ಹುರಿದ ಪಿಸ್ತಾ ಹಳದಿಯತ್ತ ವಾಲುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರು ನಿಲ್ಲುತ್ತದೆ, ನಿಜ. ಆದರೆ ಸೋಡಾ ಒಂದಿಷ್ಟು ಹೆಚ್ಚಾದರೂ ಸಾಬೂನಿನ ರುಚಿ ಬರುತ್ತದೆ. ಬಣ್ಣಕ್ಕಾಗಿ ರುಚಿಯನ್ನು ಬಲಿಕೊಡಲು ನನಗೆ ಮನಸ್ಸಿಲ್ಲ.

ತಳಿ ಮತ್ತು ಕೊಯ್ಲಿನ ಕಾಲವೂ ಇಲ್ಲಿ ಸೇರಿಕೊಳ್ಳುತ್ತವೆ. ಪೂರ್ತಿ ಬಲಿಯುವ ಮುನ್ನ ಕಿತ್ತ ಪಿಸ್ತಾ ಹೆಚ್ಚು ಹಸಿರು. ಬಲಿತಷ್ಟೂ ಹಳದಿ, ದಪ್ಪ. ಟರ್ಕಿಯ ಗಾಜಿಯಾಂಟೆಪ್‌ನಲ್ಲಿ ಬಕ್ಲಾವಾ (ತೆಳು ಹಾಳೆಗಳ ನಡುವೆ ಪಿಸ್ತಾ ಹರಡಿ ಬೇಯಿಸಿ ಪಾಕ ಸುರಿದ ಸಿಹಿ) ಮಾಡುವವರು ಬೇಗ ಕಿತ್ತ ಸಣ್ಣ ಪಿಸ್ತಾವನ್ನೇ ಹುಡುಕುತ್ತಾರೆ. ಇಟಲಿಯ ಸಿಸಿಲಿಯಲ್ಲಿ ಎಟ್ನಾ ಜ್ವಾಲಾಮುಖಿಯ ತಪ್ಪಲಿನ ಬ್ರಾಂಟೆ ಊರಿನ ಪಿಸ್ತಾ ಹಸಿರಿಗೇ ಹೆಸರುವಾಸಿ. ಅಲ್ಲಿ ವರ್ಷ ಬಿಟ್ಟು ವರ್ಷ ಕೊಯ್ಲು. ಇನ್ನು ಕ್ಯಾಲಿಫೋರ್ನಿಯಾದ ದೊಡ್ಡ ಪಿಸ್ತಾದ ಹಿಂದೆ ಒಂದು ಪ್ರಯಾಣದ ಕತೆಯಿದೆ. ವಿಲಿಯಂ ವೈಟ್‌ಹೌಸ್ ಎಂಬ ಸಸ್ಯವಿಜ್ಞಾನಿ 1929ರಲ್ಲಿ ಇರಾನಿಗೆ ಹೋಗಿ ಬೀಜಗಳನ್ನು ಆರಿಸಿ ತಂದರು. ಆ ಬೀಜಗಳಿಂದ ಬೆಳೆದ ಮರಗಳಲ್ಲಿ ಒಂದಕ್ಕೆ ಕೆರ್ಮಾನ್ ಎಂದು ಹೆಸರಿಟ್ಟು 1957ರಲ್ಲಿ ತಳಿಯಾಗಿ ಬಿಡುಗಡೆ ಮಾಡಿದರು. ದಪ್ಪ ಕಾಯಿ, ಬಾಯಾಡಿಸಲು ಹೇಳಿಮಾಡಿಸಿದ್ದು. ನಾನು ತಂದದ್ದೂ ಇಂಥ ದಪ್ಪ ಪಿಸ್ತಾವೇ, ಹಸಿರು ಮಧ್ಯಮ. ಇಷ್ಟು ಗೊತ್ತಿದ್ದರೆ ಚಿತ್ರದಲ್ಲಿ ಕಂಡ ಹಚ್ಚಹಸಿರು ನಮ್ಮ ಕೇಕಿನಲ್ಲಿ ಬರಲಿಲ್ಲವಲ್ಲ ಎಂದು ಕೊರಗುವುದು ತಪ್ಪುತ್ತದೆ.

ಮೊದಲು ಪೇಸ್ಟ್ ಮಾಡಿಕೊಂಡೆ. ಸಿಹಿಯಡುಗೆಗೆ ಪಿಸ್ತಾ ಪೇಸ್ಟೇ ಬಂಡವಾಳ. ಒಂದು ಡಬ್ಬಿ ಇದ್ದರೆ ಐಸ್‌ಕ್ರೀಮ್, ಕ್ರೀಮ್, ಬನ್ನಿನ ಹೂರಣ ಎಲ್ಲವೂ ಅರ್ಧ ಮುಗಿದಂತೆಯೇ. ಹುರಿದ ತಿರುಳಿನದೊಂದು, ಬರೀ ಒಣಗಿಸಿದ ತಿರುಳಿನದೊಂದು, ಹೀಗೆ ಎರಡನ್ನೂ ಅಕ್ಕಪಕ್ಕ ಮಾಡಿ ರುಚಿ ನೋಡಿದೆ. ಹುರಿಯದ್ದು ಕಣ್ಣಿಗೆ ಹಬ್ಬ, ಬಾಯಿಗೆ ಹಸಿ ಹುಲ್ಲಿನ ಛಾಯೆ, ಹಿತವಾದ ಸಪ್ಪೆ. 150 ಡಿಗ್ರಿಯಲ್ಲಿ ಎಂಟು ನಿಮಿಷ ಹುರಿದದ್ದು ಬಣ್ಣದಲ್ಲಿ ಮಂಕು, ಆದರೆ ಬಾಯಿಗಿಟ್ಟ ಕ್ಷಣದಲ್ಲಿ ಪಿಸ್ತಾ ಎಂದು ಕೂಗಿ ಹೇಳುತ್ತದೆ. ಕೊನೆಗೆ ಎರಡು ಪಾಲು ಹುರಿದದ್ದು, ಒಂದು ಪಾಲು ಹುರಿಯದ್ದು ಸೇರಿಸಿದಾಗ ನನಗೆ ಒಪ್ಪಿಗೆಯಾದ ಪೇಸ್ಟ್ ಸಿಕ್ಕಿತು. ಅದನ್ನೇ ಮುಂದೆಲ್ಲ ಬಳಸಿದೆ.

ಅರೆಯುವ ಕ್ರಮ ಹೀಗೆ. 200 ಗ್ರಾಂ ತಿರುಳು ಮಿಕ್ಸಿಗೆ ಹಾಕಿ ತಿರುಗಿಸಿದರೆ ಮೊದಲು ತರಿತರಿ, ಆಮೇಲೆ ಹಿಟ್ಟು. ಇನ್ನೂ ತಿರುಗಿಸಿದರೆ ಹಿಟ್ಟು ಜಾರಿನ ಅಂಚಿಗೆ ಮೆತ್ತಿಕೊಂಡು ಗಂಟುಗಂಟಾಗುತ್ತದೆ. ಇನ್ನು ಆಗುವುದಿಲ್ಲ ಎನಿಸುವುದು ಈ ಹಂತದಲ್ಲೇ. ಪಿಸ್ತಾದ ತೂಕದಲ್ಲಿ ನೂರಕ್ಕೆ 45ರಷ್ಟು ಎಣ್ಣೆಯೇ ಇದೆ, ಅದು ಹೊರಬರಲು ಸಮಯ ಬೇಕು. ನಿಲ್ಲಿಸಿ, ಅಂಚು ಕೆರೆದು, ಜಾರ್ ಬಿಸಿಯಾಗಿದ್ದರೆ ಆರಲು ಬಿಟ್ಟು, ಮತ್ತೆ ತಿರುಗಿಸಬೇಕು. ಹೀಗೆ ಮಾಡುತ್ತಾ ಹೋದಾಗ ಗಂಟುಗಳೆಲ್ಲ ಒಂದಾಗಿ, ಹೊಳಪು ಬಂದು, ಪೇಸ್ಟ್ ಸೌಟಿನಿಂದ ಜೇನಿನಂತೆ ಇಳಿಯತೊಡಗುತ್ತದೆ. ಬಿಗಿ ಎನಿಸಿದರೆ ವಾಸನೆಯಿಲ್ಲದ ಎಣ್ಣೆ ಒಂದು ಚಮಚ ಸಾಕು. ಸಕ್ಕರೆ ಪುಡಿ, ಚಿಟಿಕೆ ಉಪ್ಪು ಕೊನೆಗೆ. ನೀರು ಮಾತ್ರ ಒಂದು ಹನಿಯೂ ಸೋಕಬಾರದು. ಸೋಕಿದರೆ ನುಣ್ಣಗಿದ್ದದ್ದು ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಜಾರ್, ಚಮಚ, ಡಬ್ಬಿ ಎಲ್ಲವನ್ನೂ ಒರೆಸಿ ಒಣಗಿಸಿಯೇ ಕೆಲಸ ಶುರುಮಾಡಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪಿಸ್ತಾ ಸ್ವಾದ ಎಂದು ನಾವು ಬಾಯಲ್ಲಿ ನೆನಪಿಟ್ಟುಕೊಂಡಿರುವುದು ಎಷ್ಟೋ ಸಲ ಬಾದಾಮಿ ಎಸೆನ್ಸಿನ ಸ್ವಾದ. ಕಹಿಬಾದಾಮಿಯ ಪರಿಮಳಕ್ಕೆ ಕಾರಣವಾದ ಬೆಂಜಾಲ್ಡಿಹೈಡ್ ಹಾಕಿ, ಹಸಿರು ಬಣ್ಣ ಬೆರೆಸಿದರೆ ಅದಕ್ಕೆ ಪಿಸ್ತಾ ಎಂಬ ಪಟ್ಟ ಸಿಕ್ಕಿಬಿಡುತ್ತದೆ. ನಿಜವಾದ ಪಿಸ್ತಾದ ರುಚಿ ಮೆಲ್ಲನೆಯದು: ಬೆಣ್ಣೆಯ ಜಿಡ್ಡು, ಒಂದಿಷ್ಟು ಹಸಿತನ, ಹುರಿದಾಗ ಸೇರುವ ಸಿಹಿಗಂಪು. ಎಸೆನ್ಸಿಗೆ ಒಗ್ಗಿದ ನಾಲಗೆಗೆ ಮೊದಲ ಚಮಚದಲ್ಲಿ ಅದು ಕಡಿಮೆ ಎನಿಸಬಹುದು. ಮೂರನೆಯ ಚಮಚದ ಹೊತ್ತಿಗೆ ಎಸೆನ್ಸ್ ಮರೆತುಹೋಗುತ್ತದೆ. ನಾನು ಯಾವುದಕ್ಕೂ ಎಸೆನ್ಸ್ ಹಾಕಲಿಲ್ಲ.

ಐಸ್‌ಕ್ರೀಮಿಗೆ ಅರ್ಧ ಲೀಟರ್ ಹಾಲು, ಕಾಲು ಲೀಟರ್ ಕ್ರೀಮ್, ಐದು ಮೊಟ್ಟೆಯ ಹಳದಿ, 100 ಗ್ರಾಂ ಸಕ್ಕರೆ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ 82 ಡಿಗ್ರಿಗೆ ತಂದೆ. ಅದಕ್ಕಿಂತ ಮೇಲೆ ಹೋದರೆ ಮೊಟ್ಟೆ ಗಂಟು ಕಟ್ಟುವ ಭಯ. ಒಲೆಯಿಂದ ಇಳಿಸಿ ತುಸು ಆರಿದ ಮೇಲೆಯೇ 120 ಗ್ರಾಂ ಪೇಸ್ಟ್ ಕಲಸಿದೆ. ಕುದಿಯ ಹತ್ತಿರ ಇರುವಾಗ ಹಾಕಿ ಹಸಿರಿಗೆ ಸುಮ್ಮನೆ ಬಿಸಿ ತೋರಿಸುವುದೇಕೆ? ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಮರುದಿನ ಮೆಷಿನ್ನಿಗೆ ಹಾಕಿದೆ. ಆ ಒಂದು ರಾತ್ರಿಯಲ್ಲಿ ಪಿಸ್ತಾ ಹಾಲಿಗೆ ಪೂರ್ತಿ ಇಳಿದಿರುತ್ತದೆ. ಹೊರಬಂದ ಬಣ್ಣ ತಿಳಿಹಸಿರು ಬೆರೆತ ಕೆನೆಬಣ್ಣ. ನನ್ನ ಮಟ್ಟಿಗೆ ಎರಡು ಕಿಲೋ ಪಿಸ್ತಾದ ಅತ್ಯುತ್ತಮ ಉಪಯೋಗ ಇದೇ.

ಕೇಕಿಗೆ ಪೇಸ್ಟ್ ಅಲ್ಲ, ಹಿಟ್ಟು ಬೇಕು. ತಿರುಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿದೆ. ಕೇಕಿಗೆ ಹೇಗೂ ಬೇಕಾದ ಮೈದಾದಲ್ಲಿ ಒಂದು ಹಿಡಿಯನ್ನು ಜೊತೆಗೇ ಹಾಕಿಕೊಂಡರೆ ಹೊರಬಂದ ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ, ಹಿಟ್ಟು ಉದುರುದುರಾಗಿ ಉಳಿಯುತ್ತದೆ. 150 ಗ್ರಾಂ ಪಿಸ್ತಾ, 75 ಗ್ರಾಂ ಮೈದಾ, 150 ಗ್ರಾಂ ಬೆಣ್ಣೆ, ಅಷ್ಟೇ ಸಕ್ಕರೆ, ಮೂರು ಮೊಟ್ಟೆ, ಒಂದು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವವರೆಗೆ ನೊರೆ ತೆಗೆದು, ಮೊಟ್ಟೆ ಒಂದೊಂದಾಗಿ ಸೇರಿಸಿ, ಹಿಟ್ಟನ್ನು ಮೆಲ್ಲಗೆ ಬೆರೆಸಿದರಾಯಿತು. ನಿಂಬೆಯ ವಿಷಯದಲ್ಲಿ ಮಾತ್ರ ಎಚ್ಚರ ವಹಿಸಿದೆ. ಸಿಪ್ಪೆಯ ತುರಿ ಒಳಗೆ ಹಾಕಿದೆ, ರಸ ಹಾಕಲಿಲ್ಲ. ಹುಳಿಯೂ ಬಿಸಿಯೂ ಜೊತೆಯಾದರೆ ಹಸಿರಿಗೆ ಉಳಿಗಾಲವಿಲ್ಲ ಎಂಬುದು ಆಗಲೇ ಗೊತ್ತಿತ್ತಲ್ಲ. ರಸವನ್ನು ಸಕ್ಕರೆ ಪುಡಿಯೊಂದಿಗೆ ಕಲಸಿ, ಕೇಕ್ ಆರಿದ ಮೇಲೆ ಮೇಲಿಂದ ಸುರಿದೆ.

20 ಸೆಂಟಿಮೀಟರಿನ ತಟ್ಟೆಯಲ್ಲಿ 170 ಡಿಗ್ರಿಗೆ ಸುಮಾರು 40 ನಿಮಿಷ. ಮೇಲ್ಮೈ ಹೊಂಬಣ್ಣಕ್ಕೆ ತಿರುಗಿದಾಗ ಒಳಗೂ ಹೀಗೇ ಆಗಿರಬಹುದು ಎನಿಸುತ್ತದೆ, ಆದರೆ ಕೊಯ್ದು ನೋಡಿದರೆ ಹಸಿರು ಹಾಗೇ ಇತ್ತು. ಕೇಕಿನ ಒಳಗೆ ತೇವ ಇರುವಷ್ಟು ಹೊತ್ತು ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪಗಾಗುವುದು ತೇವ ಆರಿದ ಹೊರಪದರ ಮಾತ್ರ. ಹಾಗಾಗಿ ಕೇಕಿನಲ್ಲಿ ಹುರಿಯದ ಪಿಸ್ತಾ ಹಾಕಿದರೂ ನಷ್ಟವಿಲ್ಲ: ಒಳಗೆ ಬಣ್ಣ, ಹೊರಗೆ ಘಮ. ಎರಡೂ ಒಂದೇ ತಿನಿಸಿನಲ್ಲಿ ಸಿಗುವುದು ಅಪರೂಪ, ಅದಕ್ಕೇ ಮೊದಲ ಸಲ ಪಿಸ್ತಾ ಹಿಡಿಯುವವರಿಗೆ ನಾನು ಈ ಕೇಕನ್ನೇ ಹೇಳುತ್ತೇನೆ. ಮಾಡಿದ ದಿನಕ್ಕಿಂತ ಮರುದಿನ ಇನ್ನೂ ಚೆನ್ನ, ಪಿಸ್ತಾದ ಎಣ್ಣೆ ಕೇಕನ್ನು ಒಣಗಲು ಬಿಡುವುದಿಲ್ಲ.

ಬಿಸ್ಕಾಟಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎರಡು ಸಲ ಬೇಯುವ ಬಿಸ್ಕತ್ತು ಅದು, ಹಸಿರಿನ ಆಸೆ ಬಿಟ್ಟೇ ಇಳಿಯಬೇಕು. ಇಡೀ ತಿರುಳು ಹಾಕಿದರೆ ಕೊಯ್ದ ತುಂಡುಗಳಲ್ಲಿ ಒಳ್ಳೆ ಚುಕ್ಕೆ ಮೂಡುತ್ತದೆ. ಸಿಪ್ಪೆ ತೆಗೆಯುವ ಅಗತ್ಯವೂ ಇಲ್ಲ.

ಬಕ್ಲಾವಾ ದೊಡ್ಡ ಕೆಲಸ. ಗಾಜಿಯಾಂಟೆಪ್ ಬಕ್ಲಾವಾಗೆ 2013ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಅಲ್ಲಿನ ಕುಶಲಿಗಳು ಲಟ್ಟಿಸುವಷ್ಟು ತೆಳು ಹಾಳೆ ಮನೆಯಲ್ಲಿ ಸಾಧ್ಯವೆಂದು ನಾನು ಭ್ರಮಿಸಲಿಲ್ಲ, ಸಿದ್ಧ ಫಿಲೋ ಹಾಳೆ ತಂದೆ. ಹಾಳೆ ಹಾಳೆಗೂ ಕರಗಿದ ತುಪ್ಪ ಸವರಿ, ಅರ್ಧ ಎತ್ತರಕ್ಕೆ ಬಂದಾಗ 250 ಗ್ರಾಂ ತರಿತರಿ ಪಿಸ್ತಾ ಹರಡಿ, ಮತ್ತೆ ಹಾಳೆಗಳು. ಪಿಸ್ತಾವನ್ನು ಹುರಿಯಲಿಲ್ಲ, ಓವನ್ನಿನಲ್ಲಿ ಮುಕ್ಕಾಲು ಗಂಟೆ ಇರುವುದರಿಂದ ಹಾಳೆಗಳ ನಡುವೆಯೇ ಹದವಾಗುತ್ತದೆ. ಬೇಯಿಸುವ ಮೊದಲೇ ತುಂಡು ಹಾಕಿಕೊಳ್ಳಬೇಕು, ಬೆಂದ ಮೇಲೆ ಚಾಕು ಇಟ್ಟರೆ ಪುಡಿಪುಡಿ. ಪಾಕಕ್ಕೆ 400 ಗ್ರಾಂ ಸಕ್ಕರೆ, ಕಾಲು ಲೀಟರ್ ನೀರು, ಹರಳುಗಟ್ಟದಿರಲು ಒಂದೆರಡು ಹನಿ ನಿಂಬೆರಸ. ಓವನ್ನಿನಿಂದ ತೆಗೆದ ಬಿಸಿ ಬಕ್ಲಾವಾ ಮೇಲೆ ಆರಿದ ಪಾಕ ಸುರಿದಾಗ ಚುರ್ ಎಂದ ಸದ್ದು ಕೆಳಗಿನ ಹಾಳೆಯವರೆಗೂ ಇಳಿಯಿತು. ಎರಡೂ ತಣ್ಣಗಿದ್ದರೆ ಪಾಕ ಒಳಗಿಳಿಯುವುದಿಲ್ಲ. ಮೇಲೆ ಉದುರಿಸಲು ಹುರಿಯದ ಹಸಿರು ಪುಡಿ ಎತ್ತಿಟ್ಟಿದ್ದೆ. ಒಳಗಿನದು ಘಮಕ್ಕೆ, ಮೇಲಿನದು ಕಣ್ಣಿಗೆ.

ಖಾರದ ಕಡೆಗೆ ಬಂದರೆ, ಪಿಸ್ತಾ ಅಲ್ಲಿ ಇನ್ನೂ ಹೆಚ್ಚು ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರ ಸಹಜ ಸಿಹಿಗೆ ಉಪ್ಪು, ಬೆಳ್ಳುಳ್ಳಿ, ಮೆಣಸು ಎದುರಾದಾಗ ರುಚಿ ಬಿಚ್ಚಿಕೊಳ್ಳುತ್ತದೆ. ಪೆಸ್ಟೋಗೆ 100 ಗ್ರಾಂ ಹುರಿಯದ ತಿರುಳು, ಒಂದು ಹಿಡಿ ಬೇಸಿಲ್ ಎಲೆ, ಅರ್ಧ ಎಸಳು ಬೆಳ್ಳುಳ್ಳಿ, ತುರಿದ ಗಟ್ಟಿ ಚೀಸ್, ಆಲಿವ್ ಎಣ್ಣೆ. ತರಿ ಉಳಿಯುವಂತೆ ಅರೆದೆ. ಇದಕ್ಕೆ ಒಲೆಯೇ ಬೇಡ, ಹಾಗಾಗಿ ಹಸಿರು ಪೂರ್ತಿ ಉಳಿಯುವ ಅಡುಗೆ ಇದೊಂದೇ. ಪಾಸ್ತಾ ಬೆಂದ ನೀರನ್ನು ಎರಡು ಸೌಟು ಎತ್ತಿಟ್ಟುಕೊಂಡು, ಒಲೆ ಆರಿಸಿದ ಮೇಲೆ ಪೆಸ್ಟೋ ಜೊತೆ ಕಲಸಿದರೆ ಆ ನೀರಿನ ಪಿಷ್ಟ ಎಣ್ಣೆಯನ್ನು ಹಿಡಿದು ಸಾಸ್ ನುಣ್ಣಗಾಗುತ್ತದೆ. ಬೆಳ್ಳುಳ್ಳಿ ಹೆಚ್ಚಾದರೆ ಪಿಸ್ತಾ ಮರೆಯಾಗುತ್ತದೆ, ಅರ್ಧ ಎಸಳಿಗಿಂತ ಮೇಲೆ ಹೋಗಬೇಡಿ.

ಈಜಿಪ್ಟಿನ ದುಕ್ಕಾ ಪುಡಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಬೇಕಿರುವುದು ಘಮ ಮಾತ್ರ. ಸಿಪ್ಪೆ ಸಮೇತದ ಪಿಸ್ತಾ, ಕೊತ್ತಂಬರಿ ಬೀಜ, ಜೀರಿಗೆ, ಎಳ್ಳು, ಕಾಳುಮೆಣಸು, ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿದು, ಪೂರ್ತಿ ಆರಿಸಿ, ಉಪ್ಪು ಸೇರಿಸಿ ಕುಟ್ಟಿದೆ. ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಒರಳೇ ಸರಿ. ಬ್ರೆಡ್ಡನ್ನು ಆಲಿವ್ ಎಣ್ಣೆಗೆ ಅದ್ದಿ ಇದಕ್ಕೆ ಒತ್ತಿ ತಿಂದರೆ ಊಟದ ಮೊದಲೇ ಹೊಟ್ಟೆ ತುಂಬುತ್ತದೆ.

ದಪ್ಪಗೆ ಕೊಯ್ದ ಹೂಕೋಸಿನ ಮೇಲೂ ಮೀನಿನ ತುಂಡಿನ ಮೇಲೂ ಪಿಸ್ತಾದ ಹೊದಿಕೆ ಹಾಕಿ ಬೇಯಿಸಿದೆ. ಬರೀ ಪಿಸ್ತಾ ಒತ್ತಿದರೆ 200 ಡಿಗ್ರಿಯಲ್ಲಿ ಬೇಗ ಸೀದು ಕಹಿಯಾಗುತ್ತದೆ. ಸಮಪಾಲು ಬ್ರೆಡ್ ಪುಡಿ, ಒಂದು ಚಮಚ ಎಣ್ಣೆ ಸೇರಿಸಿ, ಸಾಸಿವೆ ಪೇಸ್ಟ್ ಸವರಿದ ಮೇಲ್ಭಾಗಕ್ಕೆ ಮಾತ್ರ ಒತ್ತಬೇಕು. ಮೀನಿಗೆ ಹನ್ನೆರಡು ನಿಮಿಷ ಸಾಕಾಯಿತು. ಹೂಕೋಸಿಗೆ ಹೆಚ್ಚು ಹೊತ್ತು ಬೇಕು, ಅದನ್ನು ಮುಕ್ಕಾಲು ಬೇಯಿಸಿದ ಮೇಲೆ ಹೊದಿಕೆ ಹಾಕಿದೆ.

ಕೊನೆಗೆ ಉಳಿದದ್ದರಲ್ಲಿ ಸೂಪ್. ಇರಾನಿನ ಅಡುಗೆಯಲ್ಲಿ ಪಿಸ್ತಾ ಸೂಪಿಗೆ ಒಳ್ಳೆಯ ಸ್ಥಾನವಿದೆ. ಈರುಳ್ಳಿ ಬಾಡಿಸಿ, ಸ್ವಲ್ಪ ಅಕ್ಕಿಹಿಟ್ಟು ಹಾಕಿ, ತರಕಾರಿ ಬೇಯಿಸಿದ ಸಾರಿನ ನೀರು ಸೇರಿಸಿ ಕುದಿಸಿ, ನುಣ್ಣಗೆ ಅರೆದ 100 ಗ್ರಾಂ ಪಿಸ್ತಾವನ್ನು ಕೊನೆಯ ಐದು ನಿಮಿಷಕ್ಕೆ ಹಾಕಿದೆ. ಹುಳಿ ಬೇಕೇ ಬೇಕು, ಇಲ್ಲದಿದ್ದರೆ ಜಿಡ್ಡು ಎನಿಸುತ್ತದೆ. ಆದರೆ ಹುಳಿಯನ್ನು ಪಾತ್ರೆಗೆ ಹಿಂಡದೆ ಬಟ್ಟಲಿಗೆ ಬಡಿಸಿದ ಮೇಲೆ ಹಿಂಡಿದೆ. ತಿಂದು ಮುಗಿಸುವಷ್ಟು ಹೊತ್ತಿನಲ್ಲಿ ಬಣ್ಣ ಬದಲಾಗುವುದಿಲ್ಲ.

ಮಿಕ್ಕ ತಿರುಳನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿದ್ದೇನೆ. ಎಣ್ಣೆ ಇಷ್ಟಿರುವ ಪದಾರ್ಥ ಹೊರಗೆ ಬಿಸಿಲು, ಗಾಳಿಗೆ ಸಿಕ್ಕರೆ ಬೇಗ ಕಮಟುತ್ತದೆ. ಹುರಿದದ್ದಂತೂ ಇನ್ನೂ ಬೇಗ, ಅದಕ್ಕೇ ಬೇಕಾದಾಗ ಬೇಕಾದಷ್ಟೇ ಹುರಿದುಕೊಳ್ಳುವುದು ಮೇಲು. ಇನ್ನೊಂದು ಸಂಗತಿ: ಪಿಸ್ತಾ, ಗೇರು ಎರಡೂ ಒಂದೇ ಕುಟುಂಬದ ಮರಗಳು. ಗೇರುಬೀಜ ಮೈಗೆ ಆಗದವರಿಗೆ ಪಿಸ್ತಾವೂ ಆಗದಿರುವುದು ಸಾಮಾನ್ಯ. ಪೆಸ್ಟೋದಲ್ಲಿ, ಕೇಕಿನಲ್ಲಿ ಅರೆದು ಸೇರಿಸಿದ ಪಿಸ್ತಾ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಬಡಿಸುವ ಮೊದಲು ಕೇಳಿಯೇ ಬಡಿಸಿ.